ಪದ್ಮಜಾ ಮತ್ತು ಅವರ ಸಾಹೇಬರು

ಚೆಂದದ ಗಂಡಸನ್ನು ಕಂಡರೆ ಪದ್ಮಜಾ ಕಣ್ಣು ತಗ್ಗಿಸುತ್ತಿರಲಿಲ್ಲ. ಹಾಗೆಂದು ಕದ್ದೂ ನೋಡುತ್ತಿರಲಿಲ್ಲ. ಅಂಗಡಿಯವನು ಕೌಂಟರಿನ ಮೇಲೆ ಹರವಿಟ್ಟ ರೇಷ್ಮೆ ಸೀರೆಯನ್ನು ನೋಡುವ ಹಾಗೆ, ಕತ್ತನ್ನು ಸ್ವಲ್ಪ ವಾಲಿಸಿ, ಅವಸರವಿಲ್ಲದೆ, ಕೊಳ್ಳುವ ಯೋಚನೆಯೂ ಇಲ್ಲದೆ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಪಕ್ಕದಲ್ಲಿದ್ದ ನನಗೆ ವರದಿ ಒಪ್ಪಿಸುತ್ತಿದ್ದರು.

"ಮೂಗು ಚೆನ್ನಾಗಿದೆ ಕಣೇ ಸುಮಾ. ಆದ್ರೆ ನಡಿಗೆ ಇಲ್ಲ. ನಡಿಗೆ ಇಲ್ದಿದ್ರೆ ಮೂಗು ಇಟ್ಕೊಂಡು ಏನ್ಮಾಡ್ತಾನೆ?"

ನಾನು ಮದುವೆಯಾಗಿ ದೇಶದ ರಾಜಧಾನಿಯ ರೋಹಿಣಿ ಬಡಾವಣೆಗೆ ಬಂದಾಗ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಹಾಸನದ ಕಡೆಯವರು. ಗಂಡ ಮೂರ್ತಿ ಒಂದು ಸಚಿವಾಲಯದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು, ಪದ್ಮಜಾ ಇನ್ನೊಂದರಲ್ಲಿ ಸೆಕ್ಷನ್ ಆಫೀಸರ್. ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲ ದಿನ ನಾನು "ಆಂಟಿ" ಎಂದೆ. "ಹೆಸರಿಲ್ವಾ ನಂಗೆ?" ಎಂದರು. ಮರುದಿನ "ಅಕ್ಕ" ಎಂದೆ. "ನಂಗೆ ಇಬ್ರು ತಂಗೀರಿದಾರೆ, ಸಾಕು" ಎಂದರು. ಅಂದಿನಿಂದ ಹೆಸರು ಹಿಡಿದೇ ಕರೆದೆ. ನನ್ನ ಅತ್ತೆಗೆ ಅದು ಕೊನೆಯವರೆಗೂ ಸರಿಬರಲಿಲ್ಲ.

ನಮ್ಮಿಬ್ಬರ ಆಫೀಸೂ ಒಂದೇ ದಿಕ್ಕಿನಲ್ಲಿತ್ತು. ದಿನಾ ಬೆಳಗ್ಗೆ ಮೆಟ್ರೋದ ಮಹಿಳಾ ಬೋಗಿಯಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ಸುತ್ತಲೂ ಪಂಜಾಬಿ, ಹರಿಯಾಣ್ವಿ, ಬಿಹಾರದ ಹಿಂದಿ. ನಡುವೆ ನಿಂತು ಪದ್ಮಜಾ ಯಾವ ಅಂಜಿಕೆಯೂ ಇಲ್ಲದೆ ತಮ್ಮ ಮನಸ್ಸಿನದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. "ಈ ಊರಲ್ಲಿ ಕನ್ನಡ ಮಾತಾಡಿದ್ರೆ ಬಾಗಿಲು ಹಾಕ್ಕೊಂಡು ಮಾತಾಡಿದ ಹಾಗೆ" ಎನ್ನುವುದು ಅವರ ಮಾತು. ಬಾಗಿಲ ಒಳಗೆ ಹೆಚ್ಚಾಗಿ ಇರುತ್ತಿದ್ದವರು ಸಾಹೇಬರು.

ಸಾಹೇಬರೆಂದರೆ ಒಬ್ಬ ಕನ್ನಡ ನಟ. ಹೆಸರು ಇಲ್ಲಿ ಬೇಡ, ಪದ್ಮಜಾರೂ ಹೇಳುತ್ತಿರಲಿಲ್ಲ. ಎತ್ತರದ ಆಳು, ಅಗಲ ಹೆಗಲು, ಮಾತಾಡುವ ಮೊದಲು ಒಂದು ಗಳಿಗೆ ಸುಮ್ಮನಿರುವ ಅಭ್ಯಾಸ. ಆ ಸುಮ್ಮನಿರುವುದೇ ಪದ್ಮಜಾರನ್ನು ಕೊಲ್ಲುತ್ತಿತ್ತು. "ಎಲ್ಲ ಹೀರೋಗಳೂ ಬಾಯಿ ಬಿಟ್ಟ ತಕ್ಷಣ ಕಿರುಚ್ತಾರೆ. ಇವನು ನೋಡು, ತಡೀತಾನೆ. ತಡೆಯೋ ಗಂಡಸು ಎಷ್ಟು ಜನ ಸಿಗ್ತಾರೆ ಹೇಳು" ಎಂದು ಹೇಳಿ ತಾವೇ ಕಿಸಕ್ಕನೆ ನಗುತ್ತಿದ್ದರು. ಎದುರಿಗಿದ್ದ ಪಂಜಾಬಿ ಹೆಂಗಸು ಏನೋ ಒಳ್ಳೆಯ ಸುದ್ದಿ ಇರಬೇಕೆಂದು ತಾನೂ ನಗುತ್ತಿದ್ದಳು.

ಮನೆಯಲ್ಲಿ ಇದು ಗುಟ್ಟೇನೂ ಆಗಿರಲಿಲ್ಲ. ಟಿವಿಯಲ್ಲಿ ಆ ನಟನ ಸಿನಿಮಾ ಬಂದರೆ ಮೂರ್ತಿಯವರೇ ಅಡುಗೆಮನೆಯ ಕಡೆ ತಿರುಗಿ ಕೂಗುತ್ತಿದ್ದರು: "ಬಾರೇ, ನಿನ್ ಸಾಹೇಬ್ರು ಅಂಗಿ ಬಿಚ್ತಾ ಇದಾರೆ!" ಪದ್ಮಜಾ ಸೌಟು ಹಿಡಿದುಕೊಂಡೇ ಓಡಿ ಬರುತ್ತಿದ್ದರು. ಎಷ್ಟೋ ಸಲ ಕೆಳಗಿನ ನಮ್ಮ ಮನೆಗೆ ಆ ಕೂಗು, ಆ ಓಟ, ಆಮೇಲೆ ಗಂಡ ಹೆಂಡತಿ ಇಬ್ಬರ ನಗು ಕೇಳಿಸುತ್ತಿತ್ತು. ಅವರದು ಸುಖವಾದ ಸಂಸಾರ ಎಂದು ನಾನು ತಿಳಿದದ್ದು ಆ ಸದ್ದಿನಿಂದಲೇ.

ನಾಲ್ಕಾರು ಸೆಕ್ಟರುಗಳ ಕನ್ನಡಿಗರು ಸೇರಿ ನಡೆಸುವ ಒಂದು ಸಣ್ಣ ಕೂಟ ನಮ್ಮಲ್ಲಿತ್ತು. ಒಂದು ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ನಟಿ ಬಂದಿದ್ದಳು. ಇಪ್ಪತ್ತು ದಾಟಿತ್ತೋ ಇಲ್ಲವೋ. ನಮ್ಮ ಅಧ್ಯಕ್ಷರು ಮೈಕು ಹಿಡಿದು, "ನಿಮ್ಮ ಸಿನಿಮಾ ನೋಡಿದ ಮೇಲೆ ನನಗೆ ನಿದ್ದೆ ಬರ್ತಿಲ್ಲ, ನಮ್ಮ ಮನೆಯವಳಿಗೂ ವಿಷಯ ಗೊತ್ತು" ಎಂದರು. ಸಭೆಯೆಲ್ಲ ಗೊಳ್ಳೆಂದಿತು. ಅಧ್ಯಕ್ಷರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಪದ್ಮಜಾ ಕೂಡ ನಕ್ಕರು. ಆಗ ಅದು ತಮಾಷೆಯಾಗಿಯೇ ಇತ್ತು.

ಮರುವರ್ಷ ಬಂದದ್ದು ಸಾಹೇಬರು.

ಆ ಸುದ್ದಿ ತಿಳಿದ ದಿನದಿಂದ ಪದ್ಮಜಾರ ಸಂಭ್ರಮ ನೋಡಬೇಕಿತ್ತು. ಕೂದಲಿಗೆ ಬಣ್ಣ ಹಾಕಿಸಲು ನನ್ನನ್ನೇ ಕರೆದುಕೊಂಡು ಹೋದರು. ಪಾಚಿ ಬಣ್ಣದ ಮೈಸೂರು ಸಿಲ್ಕಿಗೆ ಹೊಸ ರವಿಕೆ ಹೊಲಿಸಿದರು. ಬೆನ್ನು ಸ್ವಲ್ಪ ಇಳಿಸು ಎಂದು ದರ್ಜಿಗೆ ಹೇಳುವಾಗ ಹಿಂದಿಯಲ್ಲಿ ತಡವರಿಸಿ, ಕೊನೆಗೆ ನನ್ನ ಬೆನ್ನಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದರು. "ನಲವತ್ತೊಂಬತ್ತಕ್ಕೆ ಇಷ್ಟು ಬೆನ್ನು ಉಳಿದಿದೆ, ಹಾಳು ಮಾಡೋದ್ಯಾಕೆ?" ಮೂರ್ತಿಯವರು, "ನಮ್ಮ ಮದುವೇಲೂ ಇಷ್ಟು ತಯಾರಿ ಇರಲಿಲ್ಲ ಬಿಡಿ" ಎಂದು ಮನೆ ಬಾಗಿಲಲ್ಲಿ ನಿಂತು ಹಾಸ್ಯ ಮಾಡಿದರು.

ಅಂದು ಈ ಊರಿನ ಚಳಿಗಾಲದ ಹೊಗೆ ಕವಿದ ಸಂಜೆ. ಸಭಾಂಗಣದೊಳಗೂ ಕಣ್ಣು ಉರಿಯುತ್ತಿತ್ತು. ಆದರೂ ನಿಲ್ಲಲು ಜಾಗವಿರಲಿಲ್ಲ. ನಟ ಮಾತಾಡಿದ ಮೇಲೆ ಪ್ರಶ್ನೆ ಕೇಳಬಹುದು ಎಂದು ನಿರೂಪಕ ಹೇಳಿದ. ಮೈಕು ಕೈಯಿಂದ ಕೈಗೆ ಬಂತು. ಪದ್ಮಜಾ ಎದ್ದು ನಿಂತರು.

"ನಮಸ್ಕಾರ. ನನ್ನದು ಪ್ರಶ್ನೆ ಅಲ್ಲ" ಎಂದರು. "ನಿಮ್ಮ ಎಲ್ಲಾ ಸಿನಿಮಾ ನೋಡಿದ್ದೀನಿ. ಕೆಲವಕ್ಕೆ ಕಥೆನೇ ಇರಲಿಲ್ಲ, ನಿಮಗೋಸ್ಕರ ನೋಡ್ದೆ. ಪರದೆ ಮೇಲಿಗಿಂತ ಎದುರಿಗೆ ಇನ್ನೂ ಚೆನ್ನಾಗಿದ್ದೀರಿ. ನನ್ನ ಎದೆ ಢವಢವ ಅಂತಿದೆ. ಇಷ್ಟು ಹೇಳ್ಬೇಕು ಅಂತ ಬಹಳ ವರ್ಷದಿಂದ ಇತ್ತು, ಹೇಳ್ದೆ."

ಹಿಂದಿನಿಂದ ಸಿಳ್ಳೆ ಬಂತು. ನಿರೂಪಕ, "ಮೂರ್ತಿ ಸರ್, ಎಲ್ಲಿದ್ದೀರಾ? ಹುಷಾರು!" ಎಂದ. ಮೂರ್ತಿಯವರು ಕೂತಲ್ಲೇ ಕೈ ಎತ್ತಿ ನಕ್ಕರು. ಪದ್ಮಜಾರ ಮುಖ ಕೆಂಪಾಗಿತ್ತು. ಅಷ್ಟಕ್ಕೇ ಮುಗಿದಿದ್ದರೆ ಅದು ಅವರ ಬದುಕಿನ ಅತ್ಯಂತ ಚೆಂದದ ಸಂಜೆಯಾಗಿರುತ್ತಿತ್ತು.

ನಟ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ವೇದಿಕೆಯ ಮೆಟ್ಟಿಲಿಳಿದು ನಮ್ಮ ಸಾಲಿನ ಕಡೆಗೇ ನಡೆದು ಬಂದ. ಮೊಬೈಲುಗಳೆಲ್ಲ ಮೇಲೆದ್ದವು. ಕೈ ಕುಲುಕಲು ಬರುತ್ತಿದ್ದಾನೆ ಎಂದುಕೊಂಡು ಪದ್ಮಜಾ ಬಲಗೈ ಮುಂದೆ ಚಾಚಿದರು. ಅವನು ಆ ಕೈಯನ್ನು ದಾಟಿ ಕೆಳಕ್ಕೆ ಬಗ್ಗಿದ. ಅವರ ಎರಡೂ ಪಾದ ಮುಟ್ಟಿ, ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನೀವು ನನ್ನ ತಾಯಿಗೆ ಸಮಾನ. ಆಶೀರ್ವಾದ ಮಾಡಿ ಅಮ್ಮಾ" ಎಂದ.

ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಅಳುತ್ತಿದ್ದರು ಕೂಡ. ಪದ್ಮಜಾರ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಹಿಂದೆಗೆಯುವುದು ಹೇಗೆಂದು ತಿಳಿಯದೆ, ಎಲ್ಲರೂ ನೋಡುತ್ತಿದ್ದುದರಿಂದ, ಕೊನೆಗೆ ಅದನ್ನು ಅವನ ತಲೆಯ ಮೇಲಿಟ್ಟರು.

ಸಾಹೇಬರು ಅವರಿಗಿಂತ ಆರೇ ವರ್ಷ ಚಿಕ್ಕವರು.

ವಾಪಸು ಬರುವಾಗ ಕ್ಯಾಬಿನಲ್ಲಿ ಮೂರ್ತಿಯವರು, "ಒಳ್ಳೆ ಮನುಷ್ಯ. ಅಷ್ಟು ದೊಡ್ಡ ಸ್ಟಾರ್ ಆದ್ರೂ ವಿನಯ ಇದೆ" ಎಂದರು. ಸಮಾಧಾನ ಮಾಡಲೆಂದೇ ಹೇಳಿದ್ದು. ಪದ್ಮಜಾ ಕಿಟಕಿಯ ಕಡೆ ತಿರುಗಿಕೊಂಡರು.

ಮರುದಿನ ಮೆಟ್ರೋದಲ್ಲಿ ಅವರು ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. "ಬೈದಿದ್ರೆ ಚಿಂತೆ ಇರಲಿಲ್ಲ ಸುಮಾ. 'ಥ್ಯಾಂಕ್ಸ್' ಅಂದು ಸುಮ್ನಾಗಿದ್ರೂ ಸಾಕಿತ್ತು. ಕಾಲು ಮುಟ್ಟಿ ಕಪಾಳಕ್ಕೆ ಹೊಡೆದ. ಇಪ್ಪತ್ತೆರಡರ ಹುಡುಗಿ ಜೊತೆ ಮಳೇಲಿ ಕುಣೀತಾನಲ್ಲ, ಅವಳಿಗೆ ಇವನು ತಂದೆ ಸಮಾನ ಅಂತ ಯಾರಾದ್ರೂ ಹೇಳಿದಾರಾ?"

ಅಷ್ಟರಲ್ಲಿ ವಿಡಿಯೋ ಹೊರಟುಬಿಟ್ಟಿತ್ತು. ಯಾರೋ ಅದಕ್ಕೆ ಕೊಳಲಿನ ಹಿನ್ನೆಲೆ ಕೊಟ್ಟು "ಸಂಸ್ಕಾರ ಅಂದ್ರೆ ಇದು" ಎಂದು ಬರೆದಿದ್ದರು. ಹಾಸನಕ್ಕೂ ಹೋಯಿತು, ಮೈಸೂರಿಗೂ ಹೋಯಿತು, ದುಬೈನಲ್ಲಿದ್ದ ನನ್ನ ಅಣ್ಣನಿಂದ ತಿರುಗಿ ನನಗೇ ಬಂತು. ವಿಡಿಯೋದ ಕೆಳಗೆ ಜನ ಬರೆದ ಮಾತುಗಳನ್ನು ಓದಬೇಡಿ ಎಂದು ನಾನು ಎಷ್ಟು ಹೇಳಿದರೂ ಪದ್ಮಜಾ ಓದಿದರು. ಈ ವಯಸ್ಸಲ್ಲಿ ಆಂಟಿಗೆ ಢವಢವ ಅಂತೆ. ಗಂಡ ಏನು ಮಾಡ್ತಿದಾನೆ. ಮನೇಲಿ ಮದುವೆ ವಯಸ್ಸಿನ ಮಗಳಿರಬೇಕು, ನಾಚಿಕೆ ಬೇಡವಾ. ಪಾಪ ಹೀರೋ, ಎಷ್ಟು ಚೆನ್ನಾಗಿ ಬುದ್ಧಿ ಹೇಳಿದ.

ಮಗಳು ಇದ್ದಳು. ನಿಧಿ, ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸ. ಅವಳ ಕೋಣೆಯ ಗೋಡೆ ತುಂಬಾ ವಿದೇಶಿ ಗಾಯಕರ ಪೋಸ್ಟರುಗಳು. ಅವನ್ನು ಕುರ್ಚಿ ಹತ್ತಿ ಅಂಟಿಸಿಕೊಟ್ಟವರು ಪದ್ಮಜಾರೇ. "ಮಮ್ಮಾ, ಇಟ್ಸ್ ಸೋ ಎಂಬರಾಸಿಂಗ್ ಯಾರ್" ಎಂದಳು ನಿಧಿ. "ನಮ್ ಟೀಮಲ್ಲಿ ಒಬ್ಬ ಕನ್ನಡದವನಿದಾನೆ. ಉಸ್ನೇ ಸಬ್ಕೋ ದಿಖಾ ದಿಯಾ, ಎಲ್ರಿಗೂ ತೋರಿಸ್ಬಿಟ್ಟ. ಟ್ರಾನ್ಸ್‌ಲೇಟ್ ಮಾಡಿ ಹೇಳ್ದ, ಲೈನ್ ಬೈ ಲೈನ್." ಅಷ್ಟು ಹೇಳಿ ಅವಳೇ ಅತ್ತಳಂತೆ. ಅಮ್ಮನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ನಾನು ಅಧ್ಯಕ್ಷರ ಮನೆಗೆ ಹೋದೆ. ಕೂಟದ ಪುಟದಿಂದಲಾದರೂ ಆ ವಿಡಿಯೋ ತೆಗೆಸಿ ಎಂದು ಕೇಳಿಕೊಂಡೆ.

"ಯಾಕಮ್ಮ? ಅದರಲ್ಲಿ ತಪ್ಪೇನಿದೆ?" ಎಂದರು ಅವರು. ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ. "ಅವಮಾನ ಮಾಡಿದ್ರೆ ಕೇಳಬಹುದಿತ್ತು. ಗೌರವ ಕೊಟ್ಟಿದಾನಲ್ಲ!"

"ಅವರಿಗೆ ಆ ಗೌರವ ಬೇಕಿರಲಿಲ್ಲ ಸರ್."

"ಮತ್ತೇನು ಬೇಕಿತ್ತು?" ಎಂದು ಕೇಳಿ ಅವರು ನನ್ನ ಮುಖ ನೋಡಿದರು. ಒಳಗಿನಿಂದ ಕಾಫಿ ತಂದ ಅವರ ಹೆಂಡತಿಯೂ ನನ್ನ ಉತ್ತರಕ್ಕಾಗಿ ಕಾದು ನಿಂತರು. ಏನು ಹೇಳಿದರೂ ಅದು ಪದ್ಮಜಾರ ಮೇಲೆಯೇ ಹೋಗಿ ಬೀಳುತ್ತಿತ್ತು. ಕಾಫಿ ಕುಡಿದು ಬಂದೆ. ಕೂಟದವರು ಕೊನೆಗೆ ವಿಡಿಯೋ ತೆಗೆದರು, ನನಗೋಸ್ಕರ. ಆದರೆ ಅದು ಆ ಹೊತ್ತಿಗೆ ಯಾವ ಯಾವುದೋ ಹೆಸರಿನಲ್ಲಿ ಎಲ್ಲೆಲ್ಲೂ ಇತ್ತು. ಒಂದನ್ನು ದೂರು ಕೊಟ್ಟು ಇಳಿಸಿದರೆ ಇನ್ನೊಂದು ಬರುತ್ತಿತ್ತು.

ಒಂದು ದಿನ ಮೆಟ್ರೋದಲ್ಲಿ ಕಾಲೇಜು ಹುಡುಗಿಯೊಬ್ಬಳು ನಮ್ಮ ಮಾತು ಕೇಳಿ ತಿರುಗಿದಳು. "ನೀವು ಕನ್ನಡದವ್ರಾ? ಅಯ್ಯೋ, ನೀವು ಆ ಅಮ್ಮ ಅಲ್ವಾ? ಒಂದು ಸೆಲ್ಫಿ ಪ್ಲೀಸ್!" ಆ ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪದ್ಮಜಾ ಸೆಲ್ಫಿಗೆ ನಿಂತರು, ಮಂದಹಾಸವನ್ನೂ ಬೀರಿದರು. ಮರುದಿನದಿಂದ ನನಗಿಂತ ಮುಂಚಿನ ರೈಲಿಗೆ ಹೋಗತೊಡಗಿದರು. ಯಾಕೆಂದು ಕೇಳಿದ್ದಕ್ಕೆ, "ಬಾಸ್ ಬದಲಾಗಿದಾರೆ, ಬೇಗ ಬರ್ಬೇಕಂತೆ" ಎಂದರು.

ಮೂರ್ತಿಯವರು ಹೆಂಡತಿಗೆ ಒಂದು ಬಿರುಸು ಮಾತೂ ಆಡಿರಲಿಲ್ಲ. ಆದರೆ ಊರಿನಿಂದ ಅವರ ತಾಯಿ ಫೋನು ಮಾಡಿ, "ಅವಳಿಗೆ ನೀನೇನಪ್ಪ ಕಡಿಮೆ ಮಾಡಿದೀಯ?" ಎಂದು ಕೇಳಿದ್ದರಂತೆ. ಆ ಪ್ರಶ್ನೆ ಅವರೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು. ಟಿವಿಯಲ್ಲಿ ಆ ನಟ ಕಂಡರೆ ಮೆಲ್ಲಗೆ ಚಾನೆಲ್ ಬದಲಿಸುತ್ತಿದ್ದರು. ಮೇಲಿನ ಮನೆಯಿಂದ ಕೂಗು ನಿಂತಿತು, ಓಟ ನಿಂತಿತು. "ಅವರು ಬೈದ್ರೆ ನಾನೂ ಜಗಳ ಆಡ್ತಿದ್ದೆ" ಎಂದರು ಪದ್ಮಜಾ ಒಮ್ಮೆ, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ. "ಅವರು ಬೈಯ್ಯಲ್ಲ. ನನ್ನ ನೋಡಿ ಯೋಚನೆ ಮಾಡ್ತಾರೆ. ಇಷ್ಟು ವರ್ಷ ಸಂಸಾರ ಮಾಡಿ, ಈಗ ನನ್ನ ಬಗ್ಗೆ ಯೋಚನೆ ಮಾಡೋಕೆ ಶುರು ಮಾಡಿದಾರೆ." ನಾನು ಮೂರ್ತಿಯವರ ಹತ್ತಿರ ಮಾತಾಡಲೇ ಎಂದು ಕೇಳಿದೆ. "ಏನಂತ ಮಾತಾಡ್ತೀಯ?" ಎಂದರು.

ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟರು. ಕೂಟದ ಹೆಂಗಸರು ಅವರನ್ನು ಭಜನೆಗೆ ಕರೆದರು, ಎಲ್ಲರ ಮುಂದೆ ಕೂರಿಸಿದರು, "ಬನ್ನಿ ಅಮ್ಮಾ" ಎಂದು ಕರೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮಜಾ ಎರಡು ಶುಕ್ರವಾರ ಹೋಗಿ ಬಿಟ್ಟರು. ಆಫೀಸಿಗೆ ರಜೆ ಹಾಕುವುದು ಹೆಚ್ಚಾಯಿತು. ಮೂರ್ತಿಯವರಿಗೆ ಮೈಸೂರಿಗೆ ವರ್ಗ ಸಿಕ್ಕಿದಾಗ ಪದ್ಮಜಾ ತಾವೂ ವರ್ಗ ಕೇಳಲಿಲ್ಲ, ಸ್ವಯಂ ನಿವೃತ್ತಿಗೆ ಬರೆದುಕೊಟ್ಟರು. ನಾನು ಜಗಳವನ್ನೇ ಆಡಿದೆ. ಅಷ್ಟು ಇಷ್ಟಪಟ್ಟು ಮಾಡಿದ ನೌಕರಿ, ಯಾಕೆ ಬಿಡಬೇಕು ಎಂದೆ. "ಮತ್ತೊಂದು ಆಫೀಸು, ಎಲ್ಲ ಕನ್ನಡದವರೇ" ಎಂದರು. ಅಷ್ಟೇ ಉತ್ತರ.

ಹೊರಡುವ ದಿನ ಮೇಲಿನ ಮನೆಗೆ ಹೋದೆ. ಸಾಮಾನೆಲ್ಲ ಲಾರಿಯಲ್ಲಿ ಹೋಗಿ ಆಗಿತ್ತು. ಖಾಲಿ ಕೋಣೆಯಲ್ಲಿ ನಮ್ಮ ಮಾತು ದೊಡ್ಡದಾಗಿ ಕೇಳಿಸುತ್ತಿತ್ತು. ನಿಧಿ ನೋಯ್ಡಾದಲ್ಲೇ ಗೆಳತಿಯರ ಜೊತೆ ಉಳಿಯುವುದೆಂದಾಗಿತ್ತು, ಅವಳು ಬೀಳ್ಕೊಡಲು ಸ್ಟೇಷನ್ನಿಗೇ ಬರುವವಳಿದ್ದಳು. ಮೂರ್ತಿಯವರು ಕೆಳಗೆ ಟ್ಯಾಕ್ಸಿಗೆ ಕಾಯುತ್ತಿದ್ದರು. ನಾನು ದಾರಿಗೆಂದು ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿದ್ದೆ. ಪದ್ಮಜಾ ಪೊಟ್ಟಣ ತೆಗೆದುಕೊಂಡು, ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿದರು.

"ಒಂದು ಕೇಳ್ಲಾ? ನಿಜ ಹೇಳ್ಬೇಕು."

"ಕೇಳಿ."

"ಆ ವಿಡಿಯೋದಲ್ಲಿ ನಾನು ಚೆನ್ನಾಗಿ ಕಾಣ್ತೀನಾ?"

ನಾನು ಏನೇನೋ ಕೇಳುತ್ತಾರೆ ಎಂದುಕೊಂಡಿದ್ದೆ, ಇದನ್ನಲ್ಲ. "ತುಂಬಾ ಚೆನ್ನಾಗಿ ಕಾಣ್ತೀರಿ ಪದ್ಮಜಾ" ಎಂದೆ. "ಆ ಸಭೇಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಇರಲಿಲ್ಲ."

"ನಂಗೂ ಹಾಗೇ ಅನ್ಸಿತ್ತು" ಎಂದರು. "ಅಷ್ಟೊಂದು ಜನ ನೋಡಿದ್ರು ಕಣೇ. ಎಲ್ಲಾ ಓದಿದೀನಿ, ಒಂದೂ ಬಿಡದೆ. ಒಬ್ಬರೂ ಹೇಳ್ಲಿಲ್ಲ."

ಕೆಳಗಿನಿಂದ ಮೂರ್ತಿಯವರು ಟ್ಯಾಕ್ಸಿ ಬಂತೆಂದು ಕೂಗಿದರು. ಪದ್ಮಜಾ ಪೊಟ್ಟಣ ಎತ್ತಿಕೊಂಡರು, ಕೀಲಿಕೈ ನನ್ನ ಕೈಯಲ್ಲಿಟ್ಟು ಮನೆ ಮಾಲೀಕರಿಗೆ ಕೊಡಲು ಹೇಳಿದರು, ಮೆಟ್ಟಿಲಿಳಿದು ಹೋದರು. ನಾನು ಬೀಗ ಹಾಕುವುದನ್ನೂ ಮರೆತು ಆ ಖಾಲಿ ಮನೆಯಲ್ಲೇ ನಿಂತಿದ್ದೆ.