ಹದಿನೇಳನೇ ನಂಬರಿನ ದವಡೆ

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಮೂಳೆ ಕಪಾಟಿನ ಕೀಲಿಕೈ ಇಪ್ಪತ್ತೆಂಟು ವರ್ಷದಿಂದ ಒಬ್ಬನ ಸೊಂಟದಲ್ಲೇ ಇತ್ತು. ಕೆಲಸ ಅಟೆಂಡರಿನದು; ಹುಡುಗರ ಬಾಯಲ್ಲಿ ಮಾತ್ರ ಅವನು ಮೂಳೆ ಮಾವ. ಪಾಠ ಹೇಳೋ ಡಾಕ್ಟರು ಹೋದಮೇಲೆ ಮಕ್ಕಳು ಇವನ ಸುತ್ತ ಸೇರೋರು. ಅದರ ಜಂಬವೂ ಅವನಿಗೆ ಚೆನ್ನಾಗೇ ಇತ್ತು. "ಸತ್ತವರ ತಲೆ ಸವರಿದಷ್ಟು ಅಕ್ಕರೆಯಿಂದ ನಮ್ಮ ಮಕ್ಕಳ ತಲೆ ಸವರಿದ್ರೆ ಆಗ್ತಿತ್ತು" ಅಂತ ಹೆಂಡತಿ ಚುಚ್ಚಿದರೂ ನಕ್ಕು ಸುಮ್ಮನಾಗೋನು.

ಆ ವರ್ಷ ಸೇರಿದ್ದ ಒಬ್ಬ ಕನ್ನಡಕದ ಹುಡುಗಿ ಅಂದರೆ ಅವನಿಗೆ ಒಂದು ಕೈ ಹೆಚ್ಚು ಪ್ರೀತಿ. "ಪುಸ್ತಕ ಆಮೇಲೆ ಮಗಳೇ, ಮೊದಲು ಬೆರಳಾಡಿಸು. ಹುಬ್ಬಿನ ಮೇಲೆ ದಪ್ಪ ಏಣು ಸಿಗ್ತಾ? ಕಿವಿ ತೂತಿನ ಹಿಂದೆ ಹೆಬ್ಬೆರಳಷ್ಟು ಉಬ್ಬು? ತಲೆ ಹಿಂಭಾಗದಲ್ಲಿ ಗಂಟು? ಹಾಗಿದ್ರೆ ಗಂಡಸು. ಹಣೆ ನುಣ್ಣಗೆ, ಗಲ್ಲ ಚೂಪು ಇದ್ರೆ ಹೆಂಗಸು." ಎರಡೇ ತಿಂಗಳಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಹೇಳೋಳು.

ಪರೀಕ್ಷೆಗೆ ವಾರ ಮೊದಲು ಬುರುಡೆಗಳನ್ನೆಲ್ಲ ಸೋಪಿನ ನೀರಲ್ಲಿ ತೊಳೆದ. ಬುರುಡೆಗೂ ಅದರ ಕೆಳದವಡೆಗೂ ಒಂದೇ ನಂಬರು ಬರೆದಿರುತ್ತೆ. ತಿಕ್ಕಿದ ರಭಸಕ್ಕೆ ಕೆಲವು ಅಳಿಸಿಹೋದವು. ದವಡೆಯ ತುದಿ ಕಿವಿ ಮುಂದಿನ ಕುಳಿಯಲ್ಲಿ ಕೂರುತ್ತಾ, ಹಲ್ಲಿಗೆ ಹಲ್ಲು ಸೇರುತ್ತಾ ಅಂತ ನೋಡಿ ಬರೀಬೇಕು. ಮಹಾಶಯ ನೋಡಲಿಲ್ಲ! "ಇವೆಲ್ಲ ನನಗೆ ಗೊತ್ತಿರೋ ಮುಖಗಳೇ" ಅಂತ ನೆನಪಿನ ಮೇಲೆ ಬರೆದುಬಿಟ್ಟ.

ಪರೀಕ್ಷೆ ದಿನ ಹುಡುಗಿಯ ಮುಂದೆ ಬಂದದ್ದು ಹದಿನೇಳನೇ ನಂಬರು. ಬೆರಳಾಡಿಸಿದಳು, ತಡೆದಳು. "ಸಾರ್, ಬುರುಡೆ ಗಂಡಸಿನದು, ದವಡೆ ಹೆಂಗಸಿನದು. ಇದು ಇದರದ್ದಲ್ಲ."

ಪರೀಕ್ಷಕರು ನಂಬರು ನೋಡಿದರು. "ಎರಡರ ಮೇಲೂ ಹದಿನೇಳು ಇದೆಯಲ್ಲಮ್ಮ! ಏನಪ್ಪಾ, ಅದಲುಬದಲು ಆಗಿದೆಯಾ?"

ಟ್ರೇ ಹಿಡಿದು ನಿಂತಿದ್ದ ಮೂಳೆ ಮಾವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ವಿಭಾಗದವರೆಲ್ಲ ಅಲ್ಲೇ ಇದ್ದರು. "ಇಲ್ಲ ಸಾರ್. ನನ್ನ ಕೈಲಿ ಯಾವತ್ತೂ ಹಾಗೆ ಆಗಿಲ್ಲ" ಅಂದ.

ಹುಡುಗಿ ತಬ್ಬಿಬ್ಬಾದಳು. ಆಮೇಲೆ ಗೊತ್ತಿದ್ದದ್ದೂ ಬಾಯಿಗೆ ಬರಲಿಲ್ಲ. ಫೇಲಾದಳು. ಜೊತೆಯವರು ಮುಂದಕ್ಕೆ ಹೋದರು, ಅವಳು ಆರು ತಿಂಗಳು ಅಲ್ಲೇ ಉಳಿದಳು.

ಆ ಆರು ತಿಂಗಳು ಅವನಿಗೆ ಊಟ ರುಚಿಸಲಿಲ್ಲ. ನಾಚಿಕೆ ಅಂದರೆ ಎಂಥ ನಾಚಿಕೆ! ಹೆಂಡತಿಗೂ ಹೇಳಲಾರ. ಮುಖ್ಯಸ್ಥರ ಕೋಣೆಗೆ ಮೂರು ಸಲ ಹೋದ, "ಏನು?" ಅಂದರೆ "ಬಲ್ಬು ಹೋಗಿದೆ ಸಾರ್" ಅಂದು ವಾಪಸ್ಸು ಬಂದ. ಕೊನೆಗೆ ಮಾಡಿದ್ದೇನು? ಯಾರೂ ಇಲ್ಲದಾಗ, ತಪ್ಪಿ ಇಪ್ಪತ್ತಮೂರನೇ ಬುರುಡೆ ಜೊತೆ ಸೇರಿದ್ದ ದವಡೆ ತಂದು, ನಂಬರು ಕೆರೆದು, ಹದಿನೇಳು ಅಂತ ಹೊಸದಾಗಿ ಬರೆದ; ಹದಿನೇಳರ ಜೊತೆಗಿದ್ದದ್ದಕ್ಕೆ ಇಪ್ಪತ್ತಮೂರು ಅಂತ ಬರೆದ. ಈ ಸಲ ಅವಳಿಗೆ ತೊಂದರೆ ಆಗದಿದ್ದರೆ ಸಾಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುಪರೀಕ್ಷೆಯಲ್ಲಿ ಮತ್ತೆ ಅದೇ ಹದಿನೇಳು. ಹುಡುಗಿ ಹುಬ್ಬಿನ ಏಣು ಸವರಿದಳು, ಕಿವಿ ಹಿಂದಿನ ಉಬ್ಬು ಸವರಿದಳು. ದವಡೆಗೆ ಬಂದಾಗ ಬೆರಳು ನಿಂತಿತು. ಅಗಲವಾದ ಗಲ್ಲ, ಕುಳಿಯಲ್ಲಿ ಸರಿಯಾಗಿ ಕೂತ ತುದಿ, ಇನ್ನೂ ಕಪ್ಪು ಮಾಸದ ನಂಬರು. ತಲೆ ಎತ್ತಿ, ಟ್ರೇ ಹಿಡಿದು ನಿಂತಿದ್ದ ಮೂಳೆ ಮಾವನನ್ನು ನೋಡಿದಳು. ಅವನು ಟ್ರೇ ನೋಡಿದ.

"ಎರಡೂ ಒಬ್ಬ ಗಂಡಸಿನವೇ ಸಾರ್" ಅಂದಳು, ಹಳೇದನ್ನು ಎತ್ತಲಿಲ್ಲ. ಮಿಕ್ಕದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಪರೀಕ್ಷಕರು ಭೇಷ್ ಅಂದರು.

ಹೊರಡುವಾಗ ಬುರುಡೆಯನ್ನು ಅವನೇ ಕಲಿಸಿದ ಹಾಗೆ ಎರಡೂ ಕೈಯಲ್ಲಿ ಹುಷಾರಾಗಿ ಎತ್ತಿ ಅವನ ಟ್ರೇಯಲ್ಲಿಟ್ಟಳು. "ಮಗಳೇ..." ಅಂತ ಅವನು ಬಾಯಿ ತೆಗೆದ.

"ತಗೊಂಡು ಹೋಗಿ, ಅಟೆಂಡರ್" ಅಂದಳು.