ಭಕ್ತಪುರದ ಮೆಟ್ಟಿಲ ಮೇಲೆ ಕೇಳಿದ್ದು

ನಮ್ಮ ನೆಂಟರು ಇದನ್ನು ಹೇಳುವ ರೀತಿಯೇ ಬೇರೆ. ಗುಂಡ್ಲುಪೇಟೆಯಲ್ಲಿ ಯಾರದಾದರೂ ಮದುವೆಗೆ ಹೋಗಿ ಊಟಕ್ಕೆ ಕೂತರೆ ಸಾಕು, ಪಕ್ಕದವರು ಶುರುಮಾಡುತ್ತಾರೆ. ನಮ್ಮವ್ವ ಪುಣ್ಯವಂತೆಯಂತೆ, ಪಶುಪತಿನಾಥನ ಊರಿನಲ್ಲಿ ಪ್ರಾಣ ಬಿಟ್ಟಳಂತೆ. ಹೋಗುವ ಮುಂಚೆ ಗಂಡನನ್ನು ಕೂಗಿದಳಂತೆ. ಬೇರೆ ಊರಿನಲ್ಲಿದ್ದ ಗಂಡನಿಗೆ ಅದು ಕೇಳಿಸಿತಂತೆ. ಅವರ ಜೊತೆಯಲ್ಲೇ ಇದ್ದ ಮಗಳಿಗೆ ಮಾತ್ರ ಕೇಳಿಸಲಿಲ್ಲವಂತೆ, ಯಾಕೆಂದರೆ ಅವಳಿಗೆ ದೇವರು ದಿಂಡರಲ್ಲಿ ನಂಬಿಕೆ ಇಲ್ಲ.

ಆ ಮಗಳು ನಾನು. ನಂಬಿಕೆ ಇಲ್ಲ ಎನ್ನುವುದು ನಿಜ. ಉಳಿದದ್ದರಲ್ಲಿ ಎಷ್ಟು ಸುಳ್ಳು ಸೇರಿದೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಸುಳ್ಳಿನಲ್ಲಿ ಮುಖ್ಯವಾದದ್ದು ನನ್ನದೇ.

ಆರು ವರ್ಷದ ಹಿಂದಿನ ಮಾತು. ನಮ್ಮೂರು ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ತಾಲ್ಲೂಕು. ನಾನು ಬಿ.ಎ. ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಿಗೆ ಹೋಗಿ ಬಹುಮಾನದ ಕಪ್ ತರುತ್ತಿದ್ದೆ. ದೆವ್ವ, ಶಕುನ, ಜಾತಕ, ಎದುರಿಗೆ ಏನು ಸಿಕ್ಕರೂ ಸೀಳಿ ಹಾಕುವ ವಯಸ್ಸು. ಆ ಬೇಸಿಗೆಯಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಮೂವತ್ತು ಮಂದಿ ಸೇರಿ ನೇಪಾಳ ಪ್ರವಾಸ ಹೊರಟರು. ಅಪ್ಪ, ಅವ್ವ, ನಾನೂ ಹೊರಟೆವು. ಪಾಸ್‌ಪೋರ್ಟ್ ಬೇಡದ ಪರದೇಶ. ಅಡುಗೆಯವರು, ರಾಗಿಹಿಟ್ಟಿನ ಚೀಲ, ದೊಡ್ಡ ತಪ್ಪಲೆ ಎಲ್ಲ ನಮ್ಮ ಜೊತೆಯಲ್ಲೇ ರೈಲು ಹತ್ತಿದವು. ಅವ್ವನಿಗೆ ಕುದೇರಿನ ತೌರು, ಮೈಸೂರಿನ ಆಸ್ಪತ್ರೆ ಬಿಟ್ಟರೆ ಇನ್ನೊಂದು ಊರು ಗೊತ್ತಿರಲಿಲ್ಲ. ಗಡಿ ದಾಟಿದಾಗ, "ಇಲ್ಲೂ ಮಣ್ಣು ಕೆಂಪಗೇ ಅದೆ ಕಣಮ್ಮಿ" ಎಂದು ಬೆರಗಾಗಿದ್ದಳು.

ಕಠ್ಮಂಡುವಿನಲ್ಲಿ ಎರಡನೆಯ ದಿನ ಅವಳಿಗೆ ಜ್ವರ ಬಂತು. ಗಂಟಲು ಕಟ್ಟಿ ದನಿ ಪಿಸುಗುಟ್ಟುವಷ್ಟಾಯಿತು. ಮರುದಿನ ಭಕ್ತಪುರದ ಹಳೆಯ ಅರಮನೆ, ಗುಡಿಗಳನ್ನು ನೋಡುವ ಕಾರ್ಯಕ್ರಮ. ನಾವು ಇಳಿದುಕೊಂಡಿದ್ದ ಛತ್ರದಲ್ಲೇ ತಾನೂ ಉಳಿಯುತ್ತೇನೆ ಎಂದರು ಅಪ್ಪ. ನಾನು ಬಿಡಲಿಲ್ಲ. "ಮಾತ್ರೆ ಕೊಟ್ಟಾಗದೆ. ನೀವು ಎದುರಿಗೆ ಕೂತ್ರೆ ಜ್ವರ ಎದ್ದು ಓಡೋಯ್ತದಾ? ಇಷ್ಟು ದೂರ ಬಂದು ಗೋಡೆ ನೋಡ್ಕೊಂಡು ಕೂತ್ಕೋತೀರಾ?"

ಅವ್ವ ಕಂಬಳಿಯೊಳಗಿನಿಂದಲೇ ನಕ್ಕಳು. "ಇವಳ ಕೂಡೆ ವಾದ ಮಾಡ್ಬುಟ್ಟು ನೀವು ಗೆದ್ದೀರಾ? ಓಗಿ, ನೋಡ್ಕಂಡು ಬನ್ನಿ. ನನ್ನ ಜೊತೆಗ ಸಿವಮ್ಮ ಅವಳಲ್ವಾ."

ಶಿವಮ್ಮ ಎಂದರೆ ಅಡುಗೆಯವರ ಹೆಂಡತಿ. ಅವ್ವನನ್ನು ಅವಳಿಗೆ ಒಪ್ಪಿಸಿ ಹೊರಟೆವು.

ಭಕ್ತಪುರದಲ್ಲಿ ಐದು ಅಂತಸ್ತಿನ ಒಂದು ಗುಡಿ ಇದೆ. ಕಡಿದಾದ ಮೆಟ್ಟಿಲ ಎರಡು ಬದಿಗೂ ಕಲ್ಲಿನ ಜಟ್ಟಿಗಳು, ಅವರ ಮೇಲೆ ಆನೆಗಳು, ಆಮೇಲೆ ಸಿಂಹಗಳು. ಕೆಳಗಿನವರಿಗಿಂತ ಮೇಲಿನವರಿಗೆ ಹತ್ತು ಪಟ್ಟು ಬಲ ಎಂದು ಗೈಡು ಹೇಳಿದ. "ಅಳೆದವರು ಯಾರು?" ಎಂದು ನಾನು ಕೇಳಿದೆ, ಹೆಂಗಸರು ನಕ್ಕರು. ಬಿಸಿಲು ನೆತ್ತಿಯ ಮೇಲಿತ್ತು. ನಮ್ಮವರೆಲ್ಲ ಮುಂದೆ ಹತ್ತಿದ್ದರು. ನಾನು ಆನೆಯ ಹತ್ತಿರ ನಿಂತಿದ್ದೆ. ನನಗಿಂತ ಎರಡು ಮೆಟ್ಟಿಲು ಕೆಳಗೆ ಅಪ್ಪ. ಅವರ ಹಿಂದೆ ಯಾರೂ ಇರಲಿಲ್ಲ.

"ಕೂಸೇ."

ಬೆನ್ನ ಹಿಂದೆ, ತೋಳಳತೆಯ ದೂರದಲ್ಲಿ. ಪಿಸುಗುಟ್ಟುವ ದನಿಯಲ್ಲ, ಅವ್ವ ಹಿತ್ತಿಲಿನಿಂದ ನನ್ನನ್ನು ಕೂಗುವಾಗಿನ ತುಂಬುದನಿ. ತಿರುಗಿದೆ. ಅಪ್ಪ ಒಂದು ಕಾಲು ಎತ್ತಿದವರು ಹಾಗೆಯೇ ನಿಂತಿದ್ದರು. ನನ್ನನ್ನು ನೋಡಿ ತುಟಿಗೆ ಬೆರಳಿಟ್ಟರು.

ಕರೆದವರು ಕಣ್ಣಿಗೆ ಕಾಣದಿದ್ದರೆ ಮೂರನೆಯ ಸಲ ಕರೆಯುವವರೆಗೂ ಓಗೊಡಬಾರದು. ನಮ್ಮ ಕಡೆಯ ಪದ್ಧತಿ ಅದು. ಕರೆಯುತ್ತಿರುವುದು ಮನುಷ್ಯರೇ ಆದರೆ ಮೂರು ಸಲ ಕರೆಯುತ್ತಾರೆ, ಬೇರೆಯದಾದರೆ ಎರಡಕ್ಕೇ ನಿಲ್ಲುತ್ತದೆ ಎನ್ನುತ್ತಾರೆ. ಈ ಪದ್ಧತಿಯನ್ನು ನಾನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ ಲೆಕ್ಕವಿಲ್ಲ.

"ಕೂಸೇ."

ಅಷ್ಟೇ. ಅಪ್ಪ ಕಾದರು. ಇನ್ನೊಂದು ಬರಲಿಲ್ಲ.

"ನಿಮ್ಮವ್ವ ಕಣಮ್ಮಿ," ಎಂದರು. "ಓಗ್ಬುಡನ ನಡಿ. ಒಂದು ಟ್ಯಾಕ್ಸಿ ಮಾಡ್ಕಂಡು ಓಗ್ಬುಡನ. ನಿಂಗೂ ಕೇಳುಸ್ತಲ್ವಾ?"

"ಇಲ್ಲ," ಎಂದೆ.

ಯಾಕೆ ಹಾಗೆಂದೆನೋ! ಒಪ್ಪಿಕೊಂಡರೆ ಸೋತ ಹಾಗೆ ಎನಿಸಿರಬೇಕು. ಇಲ್ಲ ಎಂದಮೇಲೆ ಅದಕ್ಕೆ ತಕ್ಕ ವಾದವೂ ತಾನಾಗಿ ಬಂತು. ಬಿಸಿಲು, ನಿದ್ದೆಗೆಟ್ಟ ಪ್ರಯಾಣ, ಮನಸ್ಸಿನ ತುಂಬ ಅವ್ವನ ಚಿಂತೆ, ಕಿವಿ ಆಟ ಆಡುತ್ತದೆ ಎಂದೆಲ್ಲ ಹೇಳಿದೆ. ಅಪ್ಪ ತಮ್ಮ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದರು. ಮಿಕ್ಕ ಗುಡಿಗಳನ್ನೂ ನೋಡಿದೆವು, ಕುಂಬಾರರ ಬೀದಿಯನ್ನೂ ನೋಡಿದೆವು.

ನಾಲ್ಕು ಗಂಟೆಗೆ ಬಸ್ಸು ಛತ್ರ ಮುಟ್ಟಿದಾಗ ಬಾಗಿಲಲ್ಲಿ ಶಿವಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಅವ್ವ ಹೋಗಿ ಎರಡು ಗಂಟೆಯಾಗಿತ್ತು. ಮೆಟ್ಟಿಲಿನಿಂದ ನೇರ ಬಂದಿದ್ದರೆ ಒಂದು ಗಂಟೆಯೊಳಗೆ ತಲುಪಿರುತ್ತಿದ್ದೆವು.

ಅವ್ವ ಕೂಗಿದಳಾ ಎಂದು ಅಪ್ಪ ಕೇಳಿದರು. "ಎಲ್ಲಿ ಕೂಗಾಳು ಬುದ್ಧಿ, ದನಿಯೇ ಸತ್ತೋಗಿತ್ತು," ಎಂದಳು ಶಿವಮ್ಮ. "ನಡುಮದ್ಯಾನ್ದಲ್ಲಿ ಎರಡು ಸಲ ಬಾಯಿ ತೆರೆದ್ಲು. ಉಸ್ರು ಬುಟ್ರೆ ಏನೂ ಈಚ್ಗ ಬರ್ನಿಲ್ಲ."

ಅವ್ವನನ್ನು ಅಲ್ಲಿಯೇ ಮಣ್ಣುಮಾಡಿ ಬಂದೆವು. ಅವಳ ಸಮಾಧಿಗೆ ಒಂದು ಹೂವಿಡಲಿಕ್ಕೂ ನಾವು ಗಡಿ ದಾಟಬೇಕು.

ಒಬ್ಬರಿಗೆ ಕೇಳಿಸಿದ್ದರೆ ಭ್ರಮೆ ಎನ್ನಬಹುದಿತ್ತು. ಇಬ್ಬರಿಗೆ, ಒಂದೇ ಗಳಿಗೆಯಲ್ಲಿ, ಒಂದೇ ಮಾತು. ಹೇಗೆ ಎಂದು ನನ್ನನ್ನೇ ಎಷ್ಟೋ ಸಲ ಅಡ್ಡಪ್ರಶ್ನೆಗೆ ಒಳಪಡಿಸಿಕೊಂಡಿದ್ದೇನೆ.

ಕೇಳಿಸಿತ್ತೆಂದು ಅಪ್ಪನಿಗೆ ಹೇಳಲು ಆರು ವರ್ಷ ಬೇಕಾಯಿತು. ಹೋದ ತಿಂಗಳು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ ಕೂತರು. ಅದನ್ನು ಮತ್ತೆ ಹಾಕಿಕೊಂಡು ಮೆಲ್ಲಗೆ ಕೇಳಿದರು:

"ನಾನೇನೋ ಮೂರನೇದಕ್ಕ ಕಾದೆ. ನೀನು ಅದ್ನೆಲ್ಲ ನಂಬ್ತಿರ್ನಿಲ್ಲ. ಅವಳು ಕರೆದದ್ದೂ ನಿನ್ನನ್ನೇಯ. ನೀನ್ಯಾಕಮ್ಮಿ ಓ ಅನ್ನಿಲ್ಲ?"