ಅಮೀನಬಿ ಬಳೆಬುಟ್ಟಿ ಹೊತ್ತು ಕಪ್ಪತಗುಡ್ಡ ಏರಿದ್ದು

ನಮ್ಮ ಶಿರಹಟ್ಟಿಯಲ್ಲಿ ಅಮೀನಬಿಯ ಕೈಯಿಂದ ಬಳೆ ತೊಡಿಸಿಕೊಳ್ಳದ ಹೆಂಗಸು ಸಿಗುವುದು ಕಷ್ಟ. ವಯಸ್ಸು ಐವತ್ತೆಂಟು, ಮೈಯಲ್ಲಿ ಮಾಂಸವೇ ಇಲ್ಲ, ದನಿ ಮಾತ್ರ ಎರಡು ಓಣಿ ದಾಟುತ್ತದೆ. ಮೂವತ್ತು ವರ್ಷಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುತ್ತಾಳೆ: ಸೋಮವಾರ ಬೆಳ್ಳಟ್ಟಿ, ಬುಧವಾರ ಮಾಗಡಿ, ಉಳಿದ ದಿನ ಸೀಮಂತವೋ ಮದುವೆಯೋ ಇದ್ದ ಮನೆಗಳು. ನಾನು ಪಕ್ಕದ ಮನೆಯ ಶೀತಲ್. ಗ್ರಂಥಾಲಯದಲ್ಲಿ ಕುಳಿತು ಮಾಡುವ ಕೆಲಸ ನನ್ನದು, ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಹೋದ ವರ್ಷ ಮಾಗಡಿ ಕೆರೆಯ ದಂಡೆಯಲ್ಲಿ ಅವಳು ಜಾರಿ ಬಿದ್ದಳು. ಪರದೇಶದಿಂದ ಬಂದ ಹಕ್ಕಿಗಳನ್ನು ನೋಡುತ್ತ ನಡೆದದ್ದೇ ತಪ್ಪಾಯಿತು. ಮೊಣಕಾಲು ಊದಿತು, ಬುಟ್ಟಿಯಲ್ಲಿ ಒಂದು ಬಳೆಯೂ ಉಳಿಯಲಿಲ್ಲ. ಖಬರು ಕೇಳಿ ಓಡಿಹೋದ ಮಗ ಶಾಕೀರನಿಗೆ ಕಂಡದ್ದು ಗಾಜಿನ ಚೂರುಗಳ ನಡುವೆ ಕುಳಿತ ತಾಯಿ. ಅಂದಿನಿಂದ ಅವನಿಗೆ ಅದೇ ಭಯ. ಬಜಾರದ ತನ್ನ ಬಳೆ ಅಂಗಡಿಯಲ್ಲಿ ಅವಳಿಗೆಂದು ಒಂದು ಖುರ್ಚಿ ಹಾಕಿಸಿ, ಮೇಲೊಂದು ಮೆತ್ತನೆಯ ದಿಂಬು ಇಟ್ಟ. ಅವಳು ಅದನ್ನು ನೋಡುತ್ತಿದ್ದ ರೀತಿ ಕಂಡರೆ ಅದು ಖುರ್ಚಿಯಲ್ಲ, ಜೈಲು.

ಮನೆಯಲ್ಲಿ ಅವರದು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಓಣಿಯವರೆಲ್ಲ ನ್ಯಾಯ ಹೇಳಲಿ ಎಂದು.

“ಸಾಕು ಬಿಡಮ್ಮಾ, ಇನ್ನ ಅಂಗಡ್ಯಾಗ ಕುಂಡ್ರು. ಮತ್ತ ಬಿದ್ದರ ಏನ್ ಗತಿ?”

“ನನ್ನ ಕಾಲು ಗಟ್ಟಿ ಅದಾವ. ಬೇಕಾದ್ರ ಆ ಗುಡ್ಡದ ಓಟಾನೂ ಓಡ್ತೇನಿ, ನೋಡತಿಯೇನು?”

ಆ ವಾರ ಊರ ಗೋಡೆಗಳ ಮೇಲೆಲ್ಲ ಅದರದೇ ಕಾಗದ. ಡೋಣಿ ಊರಿನಿಂದ ಕಪ್ಪತಗುಡ್ಡದ ನೆತ್ತಿಗೆ ಏರು ಓಟ, ವಯಸ್ಸಿನ ಮಿತಿ ಇಲ್ಲ, ಎರಡು ತಾಸಿನೊಳಗೆ ಮುಟ್ಟಿದವರಿಗೆ ಪದಕ.

“ಎರಡ ತಾಸಿನ್ಯಾಗ ಮುಟ್ಟಿ ತೋರ್ಸು, ನಾ ಮತ್ತ ಬಾಯಿ ತೆಗ್ಯಂಗಿಲ್ಲ. ಆಗ್ಲಿಲ್ಲಂದ್ರ ಖುರ್ಚಿ!” ಎಂದ ಶಾಕೀರ. ಅಮೀನಬಿ ಗೋಡೆಯಾಚೆಯಿಂದ ನನ್ನನ್ನು ಸಾಕ್ಷಿಗೆ ಕರೆದಳು. ಪದಕ ಅವಳಿಗೆ ಬೇಕಿರಲಿಲ್ಲ, ಬೇಕಿದ್ದದ್ದು ಬೆಳ್ಳಟ್ಟಿಯ ದಾರಿ.

ತರಬೇತಿ ಕೊಟ್ಟವನು ಮೌನೇಶ, ಹೈಸ್ಕೂಲಿನ ಆಟದ ಮಾಸ್ತರ. ಊರ ಹೊರಗಿನ ದಿಬ್ಬದ ಮೇಲೆ ದಿನಾ ಬೆಳಿಗ್ಗೆ ಓಟಗಾರರನ್ನು ಕುಣಿಸುತ್ತಿದ್ದ. ಮೊದಲ ದಿನ ಅಮೀನಬಿ ಬುಟ್ಟಿಯಿಲ್ಲದೆ ಹೋದಳು. ನಾಲ್ಕು ಹೆಜ್ಜೆಗೆ ಕುತ್ತಿಗೆ ಅತ್ತ, ಐದನೆಯದಕ್ಕೆ ಸೊಂಟ ಇತ್ತ. ಎಡಗೈ ತಾನಾಗಿ ಮೇಲೆದ್ದು ಇಲ್ಲದ ಬುಟ್ಟಿಯನ್ನು ಹಿಡಿಯುತ್ತಿತ್ತು. ಎರಡು ಸಲ ಎಡವಿದಳು. ಮರುದಿನ ತಲೆಗೆ ಬಟ್ಟೆಯ ಸಿಂಬೆ ಇಟ್ಟು, ತುಂಬಿದ ಬುಟ್ಟಿ ಹೊತ್ತುಕೊಂಡೇ ಬಂದಳು. ಮೌನೇಶ ತಲೆ ಚಚ್ಚಿಕೊಂಡ.

“ಚಾಚಿ, ಭಾರ ಇಳಸ್ರಿ! ಯಾರರ ಬಳಿಬುಟ್ಟಿ ಹೊತ್ಗೊಂಡು ಓಡ್ತಾರೇನು?”

“ಸರ, ಹೆಜ್ಜಿ ತಪ್ಪಿದ್ರ ಇವು ಕಿಣಿ ಅಂತಾವ. ನಿಮ್ಮ ಸೀಟಿಕಿಂತ ಇವ ಚಲೋ ಮಾಸ್ತರು.”

ಅವಳು ಸುಳ್ಳು ಹೇಳಿರಲಿಲ್ಲ. ಏರಿನಲ್ಲಿ ಹುಡುಗರು ಧಡಧಡ ಓಡಿ ನಡುದಾರಿಯಲ್ಲಿ ಏದುಸಿರು ಬಿಡುತ್ತ ನಿಂತಾಗ, ಇವಳು ಸದ್ದಿಲ್ಲದೆ ಅವರನ್ನು ದಾಟಿ ಹೋಗುತ್ತಿದ್ದಳು. ಎರಡು ತಿಂಗಳಲ್ಲಿ ಮೌನೇಶನೇ ಹುಡುಗರಿಗೆ, “ಚಾಚಿ ಕಾಲು ನೋಡ್ರಲೇ” ಎನ್ನತೊಡಗಿದ.

ಓಟದ ದಿನ ನಾನು ಗುಡ್ಡದ ನೆತ್ತಿಯಲ್ಲಿ ಸಮಯ ಬರೆಯುವವಳು. ಜೀಪಿನಲ್ಲಿ ಏರಿದೆ, ಅದಕ್ಕೇ ಸುಸ್ತಾಗಿತ್ತು. ಶಾಕೀರನೂ ಬಂದು ಪಕ್ಕದಲ್ಲಿ ನಿಂತಿದ್ದ. ಒಂದೂವರೆ ತಾಸಿನ ಹೊತ್ತಿಗೆ, ತಾನೂ ಓಟದಲ್ಲಿದ್ದ ಮೌನೇಶ ಬೆವರು ಸುರಿಸುತ್ತ ಬಂದವನೇ ನನ್ನ ಮುಂದೆ ಕುಸಿದ.

“ಚಾಚಿ ನನಗಿಂತ ಮುಂದಿದ್ರು, ಶೀತಲಕ್ಕಾ. ಕರೆಂಟಿನ ಗಾಳಿಪಂಖದ ಹತ್ರ ಕುಂತ್ ಬಿಟ್ರು.”

“ಕಾಲು ನೋವೈತೇನು?” ಶಾಕೀರನ ಮುಖ ಬಿಳಚಿತು.

“ಕಾಲಲ್ಲ, ಗಿರಾಕಿ!”

ಅಲ್ಲಿ ಕುರಿ ಕಾಯುತ್ತಿದ್ದ ಗದಿಗೆವ್ವ ಎಂಬಾಕೆಯ ಬಳೆಗಳೆಲ್ಲ ಟಗರಿನ ಜಗ್ಗಾಟದಲ್ಲಿ ಒಡೆದುಹೋಗಿದ್ದವಂತೆ. ಬುಟ್ಟಿ ಕಂಡದ್ದೇ, “ಯವ್ವಾ, ನಿಂದ್ರ! ಗಂಡ ಗುಂಡಿನಂಗ ಅದಾನ, ಬರಿಗೈಲೆ ಮನಿಗೆ ಹೆಂಗ ಹೋಗ್ಲಿ?” ಎಂದು ಎರಡೂ ಕೈ ಚಾಚಿದ್ದಾಳೆ. ಮೌನೇಶ ಓಡ್ರಿ ಓಡ್ರಿ ಎಂದು ಕೂಗಿದರೆ ಅಮೀನಬಿ, “ಕರದಾಕಿ ಕೈ ಖಾಲಿ ಬಿಟ್ಟು ಹೋಗೂದು ನಮ್ಮ ಕೆಲಸದಾಗ ಇಲ್ಲ ಸರ, ನೀವ್ ನಡೀರಿ” ಎಂದು ಬುಟ್ಟಿ ಇಳಿಸಿದಳಂತೆ. ದುಡಿದು ಬಿರುಸಾದ ಕೈಗೆ ಬಳೆ ಅವಸರದಲ್ಲಿ ಏರುವುದಿಲ್ಲ. ಬೆರಳು ಒತ್ತಬೇಕು, ನೀವಬೇಕು, ಊರ ಸುದ್ದಿ ಮಾತಾಡಿಸಿ ಮರೆಸಬೇಕು.

ಎರಡು ತಾಸು ಮುಗಿದು ಸೀಟಿ ಊದಿದರು. ಗೆದ್ದ ಶಾಕೀರ ನಗಲಿಲ್ಲ, ದಾರಿಯನ್ನೇ ನೋಡುತ್ತಿದ್ದ. ಒಂಬತ್ತು ನಿಮಿಷದ ಮೇಲೆ ತಿರುವಿನಲ್ಲಿ ಮೊದಲು ಬುಟ್ಟಿ ಕಂಡಿತು, ಆಮೇಲೆ ಅಮೀನಬಿ.

“ಸೋತೆ,” ಎಂದಳು. “ಆತು, ನಾಳಿಂದ ಖುರ್ಚಿ.”

ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕೈಯಲ್ಲಿದ್ದ ಗಡಿಯಾರವನ್ನು ಕಣಿವೆಗೆ ಎಸೆದುಬಿಡಬೇಕು ಅನ್ನಿಸಿತು. ಶಾಕೀರ ಬುಟ್ಟಿ ಇಳಿಸಿಕೊಂಡ, ಮೇಲಿನ ಬಟ್ಟೆ ಬಿಚ್ಚಿದ, ಹೊಸ ಮಾಲು ಬಂದಾಗ ಅಂಗಡಿಯಲ್ಲಿ ಮಾಡುವ ಹಾಗೆ ಒಂದೊಂದು ಕಟ್ಟನ್ನೂ ತಿರುಗಿಸಿ ನೋಡಿದ. ತಳದವರೆಗೂ ನೋಡಿದ.

“ಒಂದೂ ಒಡದಿಲ್ಲ,” ಎಂದ. ಕಣ್ಣು ತುಂಬಿದ್ದವು.

“ಒಡ್ಯಾಕ ನಾ ಎಲ್ಲೆ ಬಿದ್ದೆ?”

ಅವನು ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದ. “ಸೋಮವಾರ ಬೆಳ್ಳಟ್ಟಿ ಬಸ್ಸು ಎಷ್ಟಕ್ಕೈತಿ?” ಎಂದು ಕೇಳಿದ.

ಅಮೀನಬಿ ಮಗನ ಮುಖವನ್ನು ನೋಡಿದಳು. “ಏಳಕ್ಕ. ಯಾಕ?”

“ಸ್ಟ್ಯಾಂಡ್ ತನಕ ಬುಟ್ಟಿ ನಾ ಹೊರ್ತೇನಿ.”

“ಬ್ಯಾಡಪಾ,” ಎಂದಳು ಅವಳು. ದನಿ ಮತ್ತೆ ಎರಡು ಓಣಿ ದಾಟುವಷ್ಟಾಗಿತ್ತು. “ನೀ ಹೊತ್ರ ಒಡೀತಾವ!”